ಮನೆ ಹೊತ್ತು ನಡೆಯುವವರ ನಾಡು ಚಳ್ಳಕೆರೆ

ಮದುವೆಯಾಗಿ ನಾಲ್ಕೈದು ವರ್ಷ, ಮಡಿಲಲ್ಲೊಂದು ಮಗು, ಗಲ್ಫಿನಿಂದ ಉಳಿಸಿ ತಂದ ಒಂದಿಷ್ಟು ದುಡ್ಡು. ಇಷ್ಟಾದ ಮೇಲೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು ಐದು ಸೆಂಟ್ಸ್ ಜಾಗದ್ದು, ಎರಡನೆಯದು ಮನೆಯದ್ದು. ಈಗೀಗ ಕೆಲವು ಹುಡುಗರು ಬೇರೆಯೇ ರಾಗ ಎತ್ತುತ್ತಿದ್ದಾರೆ. "ಮನೆ ಯಾಕೆ ಉಮ್ಮ? ಒಂದು ಟ್ರಾವೆಲರ್ ತೆಗೆದುಕೊಂಡು ಅದರಲ್ಲೇ ಬೆಡ್, ಕಿಚನ್ ಎಲ್ಲಾ ಮಾಡಿಸುವ. ಮಗುವನ್ನೂ ಕರಕೊಂಡು ಕಾಶ್ಮೀರದವರೆಗೆ ಹೋಗುವ." ಮೊಬೈಲಿನಲ್ಲಿ ದಿನಾ ಕಾಣುವ ಮಲಯಾಳಂ, ಹಿಂದಿ ವೀಡಿಯೊಗಳ ಪ್ರಭಾವ ಅದು. ಗಂಡ ಗಾಡಿ ಓಡಿಸುತ್ತಾನೆ, ಹೆಂಡತಿ ಹಿಂದೆ ಚಹಾ ಮಾಡುತ್ತಾಳೆ, ಮಗು ಕಿಟಕಿಯಲ್ಲಿ ಹಿಮ ನೋಡುತ್ತದೆ.

ಉಮ್ಮನ ಪ್ರಶ್ನೆಗಳು ಮಾತ್ರ ಮೂರೇ. "ಮಗುವಿನ ಶಾಲೆ ಎಂತ ಮಾಡುವುದು? ರಾತ್ರಿ ಗಾಡಿ ಎಲ್ಲಿ ನಿಲ್ಲಿಸುವುದು? ರೇಶನ್ ಕಾರ್ಡಿಗೆ ಯಾವ ವಿಳಾಸ ಕೊಡುವುದು?"

ಹುಡುಗರು ನಗುತ್ತಾರೆ. ಆದರೆ ಈ ಮೂರು ಪ್ರಶ್ನೆಗಳೊಂದಿಗೇ ತಲೆಮಾರುಗಳಿಂದ ಬದುಕುತ್ತಾ ಬಂದ ಕುಟುಂಬಗಳು ನಮ್ಮ ರಾಜ್ಯದಲ್ಲೇ ಇವೆ. ಅವರನ್ನು ನೋಡಲು ಕಾಶ್ಮೀರಕ್ಕೆ ಹೋಗಬೇಕಾಗಿಲ್ಲ. ಘಟ್ಟ ಹತ್ತಿ ಶಿವಮೊಗ್ಗ, ಚಿತ್ರದುರ್ಗ ದಾಟಿ ಚಳ್ಳಕೆರೆ, ಮೊಳಕಾಲ್ಮುರು ಕಡೆ ಹೊರಟರೆ ದಾರಿಯಲ್ಲೇ ಸಿಗುತ್ತಾರೆ. ಅವರ ಮನೆಗೆ ಎಂಜಿನ್ ಇಲ್ಲ, ಮುಂದೆ ಕುರಿ ಮಂದೆ ಇದೆ.

ಅಲ್ಲಿಗೆ ಹೋಗುವ ಮುಂಚೆ ಗಾಡಿಯ ವಿಷಯ ಮುಗಿಸಿಬಿಡೋಣ. ಹಳೆಯ ವ್ಯಾನ್ ತಂದು, ಪರಿಚಯದ ವೆಲ್ಡಿಂಗ್ ಶಾಪಿನಲ್ಲಿ ಮನೆ ಮಾಡಿಸಿಕೊಳ್ಳುವುದು ನಮ್ಮ ದೇಶದಲ್ಲಿ ಅಷ್ಟು ಸುಲಭ ಅಲ್ಲ. ಕಂಪೆನಿ ತಯಾರಿಸಿದ ವಾಹನದ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡಾ ಅದನ್ನೇ ಎತ್ತಿಹಿಡಿಯಿತು. 'ಮೋಟಾರ್ ಕ್ಯಾರವಾನ್' ಎಂಬ ಪ್ರತ್ಯೇಕ ವರ್ಗ ಇದೆ, ಅದಕ್ಕೆ ಎಐಎಸ್-124 ಎಂಬ ಮಾನದಂಡವೂ ಇದೆ. ಅದರ ಪ್ರಕಾರ ತಯಾರಾಗಿ, ಆರ್‌ಟಿಒದಲ್ಲಿ ಹಾಗೆಯೇ ನೋಂದಣಿಯಾದರೆ ತೊಂದರೆ ಇಲ್ಲ. 2021ರ ಆಗಸ್ಟ್‌ನಲ್ಲಿ ಕಣ್ಣೂರಿನಲ್ಲಿ ಯೂಟ್ಯೂಬ್‌ನ ಇಬ್ಬರು ಸಹೋದರರ ವ್ಯಾನನ್ನು ಅಧಿಕಾರಿಗಳು ಹಿಡಿದಿಟ್ಟದ್ದು, ಆಮೇಲೆ ನಡೆದ ಗಲಾಟೆ, ಬಂಧನ ನಮ್ಮಲ್ಲಿ ತುಂಬಾ ಮಂದಿಗೆ ನೆನಪಿರಬಹುದು. ಇನ್ನೊಂದು ಮಾತು. ಒಂದು ರಾಜ್ಯದಲ್ಲಿ ನೋಂದಾಯಿಸಿದ ಗಾಡಿ ಬೇರೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿ ಹೊಸ ನಂಬರ್ ಮಾಡಿಸಬೇಕು. ಸದಾ ತಿರುಗುವವನ ಗಾಡಿಗೂ ಕಾನೂನು ಒಂದು ಊರು ಕೇಳುತ್ತದೆ.

ಇನ್ನು ಚಳ್ಳಕೆರೆಗೆ ಬರೋಣ. ಕರಾವಳಿಯಲ್ಲಿ ಹುಟ್ಟಿದವರಿಗೆ ಆ ನೆಲ ಬೇರೆಯೇ ಲೋಕ. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿದರೆ, ಅಲ್ಲಿ 500 ಮಿಲಿಮೀಟರ್ ಆಸುಪಾಸು ಬಿದ್ದರೆ ಒಳ್ಳೆಯ ವರ್ಷ. ಶೇಂಗಾ ಬೆಳೆಯುವ ಸೀಮೆ. ಎಣ್ಣೆ ಗಿರಣಿಗಳಿಂದಲೇ ಚಳ್ಳಕೆರೆಗೆ 'ಎಣ್ಣೆ ನಗರ' ಎಂಬ ಹೆಸರು ಬಂತು. ಮೊಳಕಾಲ್ಮುರು ರೇಷ್ಮೆ ಸೀರೆಗೆ ಪ್ರಸಿದ್ಧ. ಆದರೆ ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಎಷ್ಟೋ ಮನೆಗಳನ್ನು ಉಳಿಸುವುದು ಕುರಿ. ಇಲ್ಲಿಯದು ಹೆಚ್ಚಾಗಿ ಬಳ್ಳಾರಿ ತಳಿ. ಮಾಂಸಕ್ಕೂ ಆಗುತ್ತದೆ, ಉಣ್ಣೆಯೂ ಸಿಗುತ್ತದೆ. ಆ ಉಣ್ಣೆಯಿಂದ ನೇಯ್ದ ಚಳ್ಳಕೆರೆ ಕಂಬಳಿಯನ್ನು ಘಟ್ಟದ ಮೇಲೆ ಮಳೆಗಾಲ ಕಳೆದವರೆಲ್ಲ ಬಲ್ಲರು. ಬಕ್ರೀದ್ ಹತ್ತಿರ ಬಂದಾಗ ಘಟ್ಟದ ಮೇಲಿಂದ ಲಾರಿಗಳಲ್ಲಿ ಇಳಿಯುವ ಕುರಿಗಳೂ ಇಂಥ ಬಯಲುಸೀಮೆಯವೇ. ನಮ್ಮ ಅಂಗಳಕ್ಕೆ ಬರುವ ಮುಂಚೆ ಆ ಕುರಿ ಎಷ್ಟು ಊರು ನಡೆದಿತ್ತು ಎಂದು ನಾವು ಯಾರೂ ಕೇಳುವುದಿಲ್ಲ.

ಕುರುಬರು, ಕಾಡುಗೊಲ್ಲರು ಇಲ್ಲಿ ಕುರಿ ಸಾಕುವ ಮುಖ್ಯ ಸಮುದಾಯಗಳು. ಮ್ಯಾಸನಾಯಕರದ್ದು ದನಗಳೊಂದಿಗಿನ ನಂಟು. ಅವರ 'ದೇವರ ಎತ್ತು'ಗಳನ್ನು ಕಾಯುವ ಕಿಲಾರಿಗಳು ಊರು ಬಿಟ್ಟು ದನದ ರೊಪ್ಪದಲ್ಲೇ ಇರುತ್ತಾರೆ. ಆದರೆ ಹೆಂಡತಿ ಮಕ್ಕಳ ಸಮೇತ ಊರೂರು ನಡೆಯುವುದು ಹೆಚ್ಚಾಗಿ ಕುರಿ ಕುಟುಂಬಗಳು.

ಲೆಕ್ಕ ಸರಳ. ಮಳೆಗಾಲದಲ್ಲಿ ಊರ ಸುತ್ತಲ ಬಯಲಿನಲ್ಲಿ ಹುಲ್ಲು. ಶೇಂಗಾ ಕಿತ್ತ ಮೇಲೆ ಹೊಲಗಳಲ್ಲಿ ಉಳಿದ ಸೊಪ್ಪು, ಕೂಳೆ. ಅದೂ ಮುಗಿದು ಬಿಸಿಲು ಏರತೊಡಗಿದಾಗ ಮಂದೆ ಹೊರಡಬೇಕು. ದಾವಣಗೆರೆ, ಶಿವಮೊಗ್ಗ ಕಡೆಯ ಭದ್ರಾ ನಾಲೆಯ ಗದ್ದೆಗಳು, ತೋಟಗಳು ಆಗ ಅವರ ದಿಕ್ಕು. ಅಲ್ಲಿ ನೀರಿದೆ, ಕೊಯ್ಲು ಮುಗಿದ ಗದ್ದೆ ಇದೆ. ಮುಂಗಾರು ಬಂದ ಮೇಲೆ ವಾಪಸ್. ಒದ್ದೆ ನೆಲದಲ್ಲಿ ನಿಂತರೆ ಈ ಕುರಿಗಳ ಗೊರಸು ಕೊಳೆಯುತ್ತದೆ, ಹಾಗಾಗಿ ಮಲೆನಾಡಿನ ಅಂಚಿನಲ್ಲಿ ಮಳೆಗಾಲ ಕಳೆಯುವಂತಿಲ್ಲ.

ಒಂದು ಮಂದೆ ಎಂದರೆ ಹೆಚ್ಚಾಗಿ ಒಂದೇ ಮನೆಯದಲ್ಲ. ಅಣ್ಣತಮ್ಮಂದಿರು, ಬೀಗರು, ಅಕ್ಕಪಕ್ಕದವರು ಕುರಿ ಒಟ್ಟುಗೂಡಿಸಿ ಹೊರಡುತ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆಯವರು ಕುದುರೆ ಬೆನ್ನಿಗೆ ಸಾಮಾನು ಕಟ್ಟುತ್ತಾರೆ. ಈಗ ಅನೇಕರು ಸಾಮಾನಿಗೆ ಗೂಡ್ಸ್ ಆಟೊ ಹಿಡಿಯುವುದೂ ಇದೆ. ಸಾಮಾನು ಎಂದರೆ ಏನು? ಎರಡು ಮೂರು ಪಾತ್ರೆ, ರಾಗಿ ಹಿಟ್ಟಿನ ಚೀಲ, ನೀರಿನ ಕೊಡ, ಟಾರ್ಪಾಲು, ಕಂಬಳಿ, ಬಲೆ, ಮದ್ದಿನ ಬಾಟಲಿ, ಮೊಬೈಲ್ ಚಾರ್ಜಿಗೆ ಪುಟ್ಟ ಸೋಲಾರ್. ಆಗ ತಾನೇ ಹುಟ್ಟಿದ ಮರಿಗಳಿಗೂ, ನಡೆಯಲು ಬಾರದ ಕೂಸಿಗೂ ಹೊತ್ತು ಸಾಗಿಸುವ ವ್ಯವಸ್ಥೆ ಆಗಲೇಬೇಕು.

ಗಂಡಸರು ಕುರಿ ಹೊಡೆದುಕೊಂಡು ಹೋದ ಮೇಲೆ ಬಿಡಾರ ಹೆಂಗಸಿನದು. ನೀರು ಎಲ್ಲಿದೆ ಎಂದು ಹುಡುಕುವುದು, ಮೂರು ಕಲ್ಲಿಟ್ಟು ಒಲೆ ಹೂಡುವುದು, ಮರಿಗಳನ್ನು ನಾಯಿ-ಹದ್ದುಗಳಿಂದ ಕಾಯುವುದು, ಹೊತ್ತು ಮುಳುಗುವ ಮುಂಚೆ ಬಲೆ ಕಟ್ಟಿ ಮಂದೆಗೆ ಜಾಗ ಮಾಡುವುದು. ಹೆರಿಗೆಯಾಗಿ ಹೆಚ್ಚು ದಿನ ಕಳೆಯದ ತಾಯಿಗೂ ಈ ಕೆಲಸ ತಪ್ಪುವುದಿಲ್ಲ. ವೀಡಿಯೊದಲ್ಲಿ ವ್ಯಾನಿನ ಹಿಂಬಾಗಿಲು ತೆರೆದು ಚಹಾ ಮಾಡುವ ಹೆಣ್ಣುಮಗಳ ಕೈಯಲ್ಲಿ ಗ್ಯಾಸ್ ಇದೆ, ನಲ್ಲಿ ಇದೆ. ಆದರೂ ಆಕೆಗೆ ಕೇಳಿ ನೋಡಿ, ನೀರಿನ ಟ್ಯಾಂಕ್ ಖಾಲಿಯಾಗುವ ಚಿಂತೆ, ಕತ್ತಲಾದ ಮೇಲೆ ಶೌಚಾಲಯದ ಚಿಂತೆ ಆಕೆಗೂ ಇರುತ್ತದೆ. ಮನೆ ಚಲಿಸಿದರೆ ಮೊದಲು ಹೆಚ್ಚುವುದು ಹೆಂಗಸಿನ ಕೆಲಸ. ಹೊರಡುವ ಮುಂಚೆ ನಮ್ಮ ಹುಡುಗರು ಯೋಚಿಸಬೇಕಾದ ಮಾತಿದು.

ರಾತ್ರಿ ಎಲ್ಲಿ ನಿಲ್ಲುವುದು ಎಂಬ ಪ್ರಶ್ನೆಗೆ ಕುರಿಗಾಹಿಗಳದ್ದು ಚಂದದ ಉತ್ತರ. ಅವರು ಜಾಗಕ್ಕೆ ಬಾಡಿಗೆ ಕೊಡುವುದಿಲ್ಲ, ರೈತನೇ ಅವರಿಗೆ ಕೊಡುತ್ತಾನೆ. ಹೊಲದಲ್ಲಿ ಮಂದೆ ಒಂದು ರಾತ್ರಿ ಮಲಗಿದರೆ ಹಿಕ್ಕೆ, ಗಂಜಲ ನೆಲಕ್ಕೆ ಬೀಳುತ್ತದೆ. ಅದು ಲಾರಿಯಲ್ಲಿ ತರಿಸುವ ಗೊಬ್ಬರಕ್ಕಿಂತ ಮೇಲು ಎಂದು ರೈತರಿಗೆ ಗೊತ್ತು. ಇಷ್ಟು ರಾತ್ರಿಗೆ ಇಷ್ಟು ದುಡ್ಡು, ಇಲ್ಲವೇ ಇಷ್ಟು ಕಾಳು ಎಂದು ಮಾತಾಗುತ್ತದೆ. ವ್ಯಾಪಾರ ಬಲ್ಲ ನಮ್ಮ ಸಮುದಾಯಕ್ಕೆ ಈ ಲೆಕ್ಕ ಬೇಗ ಅರ್ಥವಾದೀತು. ಬಂದವನೂ ಕೊಡುತ್ತಾನೆ, ನಿಲ್ಲಿಸಿಕೊಂಡವನೂ ಕೊಡುತ್ತಾನೆ. ಹಾಗೆಂದು ಎಲ್ಲ ರಾತ್ರಿಯೂ ಹೀಗಲ್ಲ. ಕುರಿ ಕದಿಯುವವರು ಬರುತ್ತಾರೆ. ಬೆಳೆಗೆ ಬಾಯಿ ಹಾಕಿತೆಂದು ಜಗಳ, ಹೊಡೆತ ಆಗುತ್ತದೆ. ಪರವೂರಿನಲ್ಲಿ ದೂರು ಕೊಡಲು ಹೋದರೆ ಮೊದಲು ಕೇಳುವುದೇ "ನಿನ್ನ ಊರು ಯಾವುದು?"

ಇಂಥ ದೂರುಗಳು ಹೆಚ್ಚಾದ ಕಾರಣಕ್ಕೇ 2025ರ ಆಗಸ್ಟ್‌ನಲ್ಲಿ ರಾಜ್ಯದ ವಿಧಾನಮಂಡಲದಲ್ಲಿ ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯದ ವಿರುದ್ಧ ರಕ್ಷಣೆಯ ಮಸೂದೆ ಬಂತು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ಆದರೆ ಕಾಗದದ ಮಾತು ರಾತ್ರಿ ಹನ್ನೆರಡಕ್ಕೆ ಹೊಲದ ಬದಿಯಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ ಎನ್ನುವುದು ಆ ಠಾಣೆಯ ಪೊಲೀಸರ ಮೇಲೆ ನಿಂತಿದೆ.

ಊರ ಪಕ್ಕದ ಬಯಲಿನ ಕಥೆ ಇನ್ನೂ ಕಷ್ಟದ್ದು. ಚಳ್ಳಕೆರೆ ಸುತ್ತಲಿನ ವಿಶಾಲ ಹುಲ್ಲುಗಾವಲುಗಳು ಅಮೃತ ಮಹಲ್ ಕಾವಲುಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನ್. ಹೈದರ್, ಟಿಪ್ಪು ಸೈನ್ಯದ ಫಿರಂಗಿ, ಸರಂಜಾಮು ಎಳೆದದ್ದು ಈ ತಳಿಯ ಎತ್ತುಗಳೇ. ಸೈನ್ಯದ ವೇಗದ ಗುಟ್ಟು ಅವುಗಳಲ್ಲಿತ್ತು. ದನಗಳನ್ನು ಋತುವಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ಅಂದರೆ ಚಲಿಸುವ ಬದುಕಿಗಾಗಿಯೇ ರಾಜ್ಯ ನೆಲ ಕಾದಿಟ್ಟಿತ್ತು. ಕಾಲಕ್ರಮದಲ್ಲಿ ಸುತ್ತಲಿನ ಹಳ್ಳಿಗಳ ಕುರಿ, ದನಗಳಿಗೂ ಅದೇ ಮೇವಿನ ಬಯಲಾಯಿತು.

2008ರ ನಂತರದ ಎರಡು ಮೂರು ವರ್ಷಗಳಲ್ಲಿ ಈ ಕಾವಲಿನ ಸುಮಾರು 10,000 ಎಕರೆ ಬೇರೆ ಬೇರೆ ಸಂಸ್ಥೆಗಳ ಪಾಲಾಯಿತು. ಡಿಆರ್‌ಡಿಒಗೆ 4,290 ಎಕರೆ, ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಇಸ್ರೊ, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೂ ಜಾಗ ಸಿಕ್ಕಿತು. 2017ರಲ್ಲಿ ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ದೇಶಕ್ಕೆ ವಿಜ್ಞಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬೆಳಿಗ್ಗೆ ಎದ್ದು ನೋಡಿದಾಗ ಮಂದೆ ನಡೆಯುವ ದಾರಿಗೆ ಗೋಡೆ ಬಂದಿದ್ದರೆ? ಹಳ್ಳಿಯವರು ಹೋರಾಟ ಮಾಡಿದರು, ಹಸಿರು ನ್ಯಾಯಮಂಡಳಿವರೆಗೆ ಹೋದರು. ಗೋಡೆಗಳು ಇವೆ. ಹತ್ತಿರದ ಮೇವು ಕಡಿಮೆಯಾದಷ್ಟೂ ದೂರದ ನಡಿಗೆಯೇ ದಾರಿ. ನೋಡುವವರಿಗೆ ಅದು 'ಸಂಚಾರಿ ಬದುಕು'. ಆದರೆ ಹೊರಡುವುದು ಅವರ ಆಯ್ಕೆ ಎಷ್ಟು, ಗೋಡೆಯ ಒತ್ತಾಯ ಎಷ್ಟು?

ಇಲ್ಲಿ ಒಂದು ಉಪಮಾತು. ಮೋಟಾರ್‌ಹೋಮಿನ ಕನಸು ಕಾಣುವ ಹುಡುಗರಲ್ಲಿ ಕೆಲವರು, ಸದಾ ಪ್ರಯಾಣದಲ್ಲಿದ್ದರೆ ನಾವು ಯಾವಾಗಲೂ ಮುಸಾಫಿರರೇ, ನಮಾಝ್ ಯಾವಾಗಲೂ ಕಸ್ರ್ ಮಾಡಬಹುದಲ್ಲವೇ ಎಂದು ಕೇಳುವುದುಂಟು. ಕಿತಾಬು ಬರೆದ ಹಿರಿಯರು ಈ ಪ್ರಶ್ನೆಯನ್ನು ನೂರಾರು ವರ್ಷಗಳ ಹಿಂದೆಯೇ ಕಂಡಿದ್ದರು, ವ್ಯಾನಿನ ಬದಲು ಹಡಗಿನಲ್ಲಿ. ಹೆಂಡತಿ ಮಕ್ಕಳೊಂದಿಗೆ ಹಡಗಿನಲ್ಲೇ ಬದುಕುವ ನಾವಿಕ ಪೂರ್ತಿ ನಮಾಝ್ ಮಾಡುವುದೇ ಉತ್ತಮ ಎಂಬುದು ನಮ್ಮ ಶಾಫಿಈ ಮದ್‌ಹಬ್‌ನ ಮಾತು. ಉಳಿದದ್ದನ್ನು ನಿಮ್ಮ ಉಸ್ತಾದರಲ್ಲಿ ಕೇಳಿ. ಮನೆಮಂದಿ ಇರುವಲ್ಲೇ ಮನೆ ಎಂಬ ಲೆಕ್ಕ ಅದರಲ್ಲಿ ಇರುವಂತೆ ಕಾಣುತ್ತದೆ.

ವಿಳಾಸದ ಪ್ರಶ್ನೆ ಈಗ ಸ್ವಲ್ಪ ಹಗುರಾಗಿದೆ. 2020ರಿಂದ ರೇಶನ್ ಕಾರ್ಡ್ ಒಂದು ಊರಿಗೆ ಅಂಟಿಕೊಂಡಿಲ್ಲ. ಬೆರಳಚ್ಚು ಕೊಟ್ಟು ಬೇರೆ ಊರಿನ ಸೊಸೈಟಿಯಲ್ಲೂ ಅಕ್ಕಿ ತರಬಹುದು. ಮಗುವಿನ ಚುಚ್ಚುಮದ್ದೂ ಹಾಗೆ. ತಾಯಿ ಕಾರ್ಡ್ ಹಿಡಿದುಕೊಂಡು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೆ ಸಾಕು. ವ್ಯಾನಿನವರಿಗೂ ಇದೇ ದಾರಿ. ಕಾರ್ಡ್ ಮನೆಯ ಕಪಾಟಿನಲ್ಲಿ ಬಿಟ್ಟು ಹೊರಡಬೇಡಿ, ಅಷ್ಟೆ.

ಶಾಲೆಯ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬಹುದು, ಮುಖ್ಯ ಶಿಕ್ಷಕರು ಟಿಸಿಯನ್ನು ತಡ ಮಾಡದೆ ಕೊಡಬೇಕು. ಟಿಸಿ ಬರುವುದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಆದರೆ ಹತ್ತು ದಿನಕ್ಕೊಂದು ಹೊಲ ಬದಲಿಸುವವರು ಎಷ್ಟು ಟಿಸಿ ತೆಗೆಸಿಯಾರು? ದುಡ್ಡಿರುವ ವ್ಯಾನ್ ಕುಟುಂಬಕ್ಕೆ ದಾರಿ ಇದೆ. ಆನ್‌ಲೈನ್ ಪಾಠ, ಓದು ಬಲ್ಲ ತಾಯಿ, 14 ತುಂಬಿದ ಮೇಲೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಪರೀಕ್ಷೆ. ಕುರಿಗಾಹಿ ತಾಯಿ ಮಾಡುವ ಲೆಕ್ಕ ಬೇರೆ. ದೊಡ್ಡ ಮಗುವನ್ನು ಹಟ್ಟಿಯಲ್ಲಿ ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಬಿಟ್ಟು, ಚಿಕ್ಕದನ್ನು ಸೊಂಟದಲ್ಲಿಟ್ಟು ಹೊರಡುವುದು. ಬಿಟ್ಟುಹೋಗಲು ಯಾರೂ ಇಲ್ಲದವರು ದೊಡ್ಡದನ್ನೂ ಕರಕೊಂಡು ಹೋಗುತ್ತಾರೆ, ಅದು ಮರಿ ಕಾಯುತ್ತದೆ. ನಮ್ಮಲ್ಲೂ ಒಂದು ತಲೆಮಾರು ಗಂಡಸರನ್ನು ಗಲ್ಫಿಗೆ ಕಳುಹಿಸಿ, ಮಕ್ಕಳನ್ನು ಅಜ್ಜಿಯರ ಕೈಗೆ ಕೊಟ್ಟು ಓದಿಸಿತು. ಹಾಗಾಗಿ ಅವರ ಈ ಲೆಕ್ಕ ನಮಗೆ ಹೊಸತಲ್ಲ.

ಮಂದೆ ಹೊರಡುವ ಕಾಲ ಮತ್ತು ಶಾಲೆಯ ಕಾಲ ಒಂದಕ್ಕೊಂದು ಹೊಂದುವುದೇ ಇಲ್ಲ. ವಾರ್ಷಿಕ ಪರೀಕ್ಷೆ ಬರುವ ಮಾರ್ಚ್‌ನಲ್ಲಿ ಬಿಡಾರ ಭದ್ರಾ ನಾಲೆಯ ಬದಿಯಲ್ಲಿರುತ್ತದೆ. ಮೇ ಕೊನೆಗೆ ಶಾಲೆ ಮತ್ತೆ ತೆರೆದಾಗ ಚಳ್ಳಕೆರೆ ಹಟ್ಟಿಯ ತರಗತಿಯಲ್ಲಿ ಕೆಲವು ಜಾಗ ಖಾಲಿ ಇರುತ್ತದೆ. ಅಲ್ಲಿಯ ಮಾಸ್ತರು ಹಾಜರಿ ಪುಸ್ತಕ ಮುಚ್ಚಿಟ್ಟು ಮಳೆಯ ಸುದ್ದಿ ಕೇಳುತ್ತಾರೆ. ಮಳೆ ಬಿದ್ದ ವಾರದಲ್ಲಿ ಮಕ್ಕಳು ಬರುತ್ತಾರೆ. ಮಳೆ ಜುಲೈಗೆ ಹೋದರೆ ಆ ಜಾಗ ಜುಲೈವರೆಗೂ ಖಾಲಿ.