ಬಾಲವಿಲ್ಲದ ಬೆಕ್ಕು, ಬಾಗಿಲಿಲ್ಲದ ಕಾರು

ಬಾಗಿಲಿಲ್ಲ, ಚಾವಣಿಯಿಲ್ಲ. ಮುಂದೆ ಕಪ್ಪೆಗಣ್ಣಿನಂತೆ ಎದ್ದು ನಿಂತ ಎರಡು ದೀಪ. ಹಿಂದೆ ಬಟಾಬಯಲಾದ ಎಂಜಿನ್. ಉಬ್ಬಿದ ಮಡ್‌ಗಾರ್ಡುಗಳ ಕೆಳಗೆ ದಪ್ಪ ಚಕ್ರಗಳು. ಮಕ್ಕಳ ಆಟಿಕೆಯೇ ಬೆಳೆದು ರಸ್ತೆಗಿಳಿದಂತೆ ಕಾಣುವ ಈ ವಾಹನದ ಹೆಸರು ‘ಡ್ಯೂನ್ ಬಗ್ಗಿ’. ಮರಳು ದಿಬ್ಬಗಳ ಮೇಲೆ ಓಡಲೆಂದೇ ಹುಟ್ಟಿದ ಕಾರು ಇದು.

ಅಮೆರಿಕದ ಕ್ಯಾಲಿಫೋರ್ನಿಯಾ ಕಡಲತೀರದಲ್ಲಿ ಹಳೆಯ ಕಾರುಗಳ ಮೈ ಕಿತ್ತು ಮರಳಿನಲ್ಲಿ ಓಡಿಸುವ ಹುಚ್ಚು ಮೊದಲಿನಿಂದಲೂ ಇತ್ತು. ಅದಕ್ಕೆ ಅಂದದ ರೂಪ ಕೊಟ್ಟವರು ಬ್ರೂಸ್ ಮೇಯರ್ಸ್. ಚಿತ್ರಕಲೆ ಕಲಿತಿದ್ದ ಅವರ ಕಸುಬು ಫೈಬರ್ ಗ್ಲಾಸ್ ದೋಣಿ ಕಟ್ಟುವುದು. 1964ರಲ್ಲಿ ಅವರು ತಯಾರಿಸಿದ ಮೊದಲ ಬಗ್ಗಿಗೆ ‘ಓಲ್ಡ್ ರೆಡ್’ ಎಂಬ ಹೆಸರು ನಿಂತಿತು. ಮಾದರಿಗೆ ಇಟ್ಟ ಹೆಸರು ‘ಮ್ಯಾಂಕ್ಸ್’. ಐಲ್ ಆಫ್ ಮ್ಯಾನ್ ದ್ವೀಪದ ಬಾಲವಿಲ್ಲದ ಬೆಕ್ಕಿನ ಹೆಸರದು. ಹಿಂಭಾಗ ಕತ್ತರಿಸಿದಂತಿದ್ದ ಗಿಡ್ಡ ಕಾರಿಗೆ ಒಪ್ಪುವಂಥದ್ದೇ.

ಈ ಕಾರನ್ನು ಕೊಳ್ಳುವವರು ತಾವೇ ಜೋಡಿಸಿಕೊಳ್ಳಬೇಕಿತ್ತು. ಅದಕ್ಕೆ ಆಧಾರ ಫೋಕ್ಸ್‌ವ್ಯಾಗನ್ ಬೀಟಲ್. ಬೋಲ್ಟು ಬಿಚ್ಚಿದರೆ ಬೀಟಲ್‌ನ ಮೈ ಕಳಚಿ ಬರುತ್ತದೆ. ಉಳಿದ ತಳವನ್ನು ಸುಮಾರು 36 ಸೆಂಟಿಮೀಟರ್ ಕತ್ತರಿಸಿ ಬೆಸೆದು, ಮೇಲೆ ಫೈಬರ್ ಗ್ಲಾಸ್ ಮೈ ಕೂರಿಸಿದರೆ ಬಗ್ಗಿ ಸಿದ್ಧ. ಎಂಜಿನ್ ಗಾಳಿಯಿಂದಲೇ ತಣಿಯುವುದರಿಂದ ರೇಡಿಯೇಟರ್ ಬೇಡ. ಅದರ ಭಾರ ಹಿಂಚಕ್ರಗಳ ಮೇಲೆ ಬೀಳುವುದರಿಂದ ಮರಳಿನಲ್ಲಿ ಹಿಡಿತವೂ ಹೆಚ್ಚು.

ಇನ್ನು ಅದರ ಚೆಲುವಿನ ಗುಟ್ಟು ಇರುವುದು ಫೈಬರ್ ಗ್ಲಾಸಿನಲ್ಲಿ. ಉಕ್ಕಿನ ಹಾಳೆಯನ್ನು ಬಾಗಿಸಲು ದೈತ್ಯ ಯಂತ್ರಗಳು ಬೇಕು. ಗಾಜಿನ ನಾರಿನ ಹಾಸನ್ನು ಅಚ್ಚಿನಲ್ಲಿ ಹರಡಿ ರಾಳ ಸವರಲು ಮನುಷ್ಯನ ಕೈ ಸಾಕು. ಚಪ್ಪಟೆಯಾಗಿದ್ದರೆ ಬಳುಕುವ ಈ ಹಾಳೆ ಉಬ್ಬುತಗ್ಗಿದ್ದರೆ ಗಟ್ಟಿಯಾಗುತ್ತದೆ. ಎಂದರೆ ಬಗ್ಗಿಯ ಬಾಗು ಬಳುಕು ಬರೀ ಸಿಂಗಾರವಲ್ಲ, ಅದರ ಬಲವೂ ಹೌದು. ಬಣ್ಣವನ್ನು ಅಚ್ಚಿನಲ್ಲೇ ರಾಳಕ್ಕೆ ಬೆರೆಸುವುದರಿಂದ ಮತ್ತೆ ಬಳಿಯಬೇಕಾಗಿಯೂ ಇಲ್ಲ.

1967ರಲ್ಲಿ ‘ಓಲ್ಡ್ ರೆಡ್’ ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದ ದುರ್ಗಮ ಹಾದಿಯನ್ನು 35 ಗಂಟೆಯೊಳಗೆ ಕ್ರಮಿಸಿ, ಮೋಟಾರ್ ಸೈಕಲ್ ಸವಾರರ ದಾಖಲೆಯನ್ನು ಮುರಿಯಿತು. ಬಗ್ಗಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಜೊತೆಗೆ ನಕಲೂ ಬಂತು.

ಒಬ್ಬ ದೋಣಿಗಾರನಿಗೆ ಕಾರು ಕಟ್ಟಲು ನೆರವಾದ ಫೈಬರ್ ಗ್ಲಾಸೇ ಅವನಿಗೆ ಮುಳುವಾಯಿತು. ಒಂದು ಮ್ಯಾಂಕ್ಸ್ ಕೊಂಡು, ಅದರ ಮೈಮೇಲೆಯೇ ಅಚ್ಚು ತೆಗೆದರೆ ಯಾರು ಬೇಕಾದರೂ ತಯಾರಕರಾಗಬಹುದಿತ್ತು. ಮೇಯರ್ಸ್ ಪೇಟೆಂಟ್ ಹಿಡಿದು ಕೋರ್ಟಿಗೆ ಹೋದರು. ನ್ಯಾಯಾಲಯ ಪೇಟೆಂಟನ್ನು ಎತ್ತಿಹಿಡಿಯಲಿಲ್ಲ. 1971ರಲ್ಲಿ ಕಂಪೆನಿ ಮುಚ್ಚಿತು. ಅದು ಮಾರಿದ್ದು ಐದಾರು ಸಾವಿರ. ಜಗತ್ತಿನಾದ್ಯಂತ ತಯಾರಾದ ನಕಲುಗಳು ಎರಡೂವರೆ ಲಕ್ಷ ಎಂಬ ಅಂದಾಜಿದೆ.

ರೂಪವೊಂದನ್ನು ಕಂಡುಹಿಡಿದವನಿಗೆ ಅದರ ಮೇಲೆ ಹಕ್ಕಿಲ್ಲವೇ? ಕೋರ್ಟು ಇಲ್ಲವೆಂದಿತು. 2014ರಲ್ಲಿ ‘ಓಲ್ಡ್ ರೆಡ್’ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆ ಸೇರಿತು. 2021ರಲ್ಲಿ, 94ರ ವಯಸ್ಸಿನಲ್ಲಿ, ಮೇಯರ್ಸ್ ಕಣ್ಮುಚ್ಚಿದರು. ಹಣ ಹಂಚಿಹೋಗಿತ್ತು. ಹೆಸರು ಮಾತ್ರ ಅವರದಾಗಿಯೇ ಉಳಿಯಿತು.