ಮೌನವೂ ಒಂದು ಪಾಠ

ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿ ಮಗಳ ಓದಿನ ವಿಚಾರವಾಗಿ ಸಲಹೆ ಕೇಳಿ ಬರೆದಿದ್ದಾಳೆ. ಹುಡುಗಿಗೆ 14 ವರ್ಷ. ಸಾವಿರಾರು ಮಕ್ಕಳ ಶಾಲೆಯಲ್ಲಿ ಅವಳು ಮಾತನ್ನೇ ಮರೆತಂತಿದ್ದಾಳೆ. ಕ್ವೇಕರ್ ಪಂಥದವರ ಪುಟ್ಟ ಪ್ರೌಢಶಾಲೆಗೆ ಸೇರಿಸಬೇಕೆಂದು ತಾಯಿಯ ಬಯಕೆ. ‘ಮಾತಾಡದ ಮಗುವನ್ನು ಮೌನಿಗಳ ನಡುವೆ ಬಿಡುವುದೇ?’ ಎಂದು ತಂದೆಯ ಆಕ್ಷೇಪ.

ಆಕ್ಷೇಪವೇನೋ ನನಗೂ ತಟ್ಟಿತು. ಕ್ವೇಕರರ ಮೂಲ ಪದ್ಧತಿಯ ಸಭೆಯಲ್ಲಿ ಪುರೋಹಿತನಿಲ್ಲ, ಮಂತ್ರವಿಲ್ಲ. ಎಲ್ಲರೂ ಸುಮ್ಮನೆ ಕುಳಿತಿರುತ್ತಾರೆ. ಒಳಗಿನಿಂದ ಮಾತು ಒದಗಿದವರು, ಕಿರಿಯರಾದರೂ ಸರಿಯೇ, ಎದ್ದು ನುಡಿಯುತ್ತಾರೆ. ನಿರ್ಣಯಗಳಿಗೂ ಮತ ಎಣಿಸುವುದಿಲ್ಲ. ಸಭೆ ಒಮ್ಮನಸ್ಸಾಗುವವರೆಗೆ ಕಾಯುತ್ತಾರೆ. ನಾನು ಮೇಜು ಕುಟ್ಟಿ ತರಗತಿಯಲ್ಲಿ ಗಳಿಸುವ ಮೌನದ ಜಾತಿಯೇ ಬೇರೆ!

ಇಂಥ ಶಾಲೆಗಳ ಚರಿತ್ರೆಯನ್ನು ಓದಿದೆ. ಅಯೋವಾ ರಾಜ್ಯದ ವೆಸ್ಟ್ ಬ್ರಾಂಚ್ ಬಳಿ 1890ರಲ್ಲಿ ತೆರೆದ ಸ್ಕ್ಯಾಟರ್‌ಗುಡ್ ಶಾಲೆ 1931ರಲ್ಲಿ ಮುಚ್ಚಿತು. 1939ರಿಂದ 1943ರವರೆಗೆ, ಹಿಟ್ಲರನ ಕಾಟದಿಂದ ದೇಶ ಬಿಟ್ಟು ಬಂದವರಿಗೆ ಆ ಕಟ್ಟಡಗಳೇ ಆಸರೆಯಾದವು. ಅಧ್ಯಾಪಕರು, ವಕೀಲರು, ವ್ಯಾಪಾರಿಗಳು ಅಲ್ಲಿ ಪಾತ್ರೆ ತೊಳೆಯುತ್ತ, ತೋಟ ಅಗೆಯುತ್ತ ಇಂಗ್ಲಿಷ್ ಕಲಿತರು. ತಾಯ್ನುಡಿ ಕೆಲಸಕ್ಕೆ ಬಾರದೆ ಮೂಕರಾದವರಿಗೆ ಮತ್ತೆ ನಾಲಗೆ ಬಂತು. 1944ರಲ್ಲಿ ಶಾಲೆ ಪುನಃ ಆರಂಭವಾಯಿತು.

ಇಂಥ ಕಡೆ ಶುಲ್ಕ ಹಗುರವಲ್ಲ. ಆರಿಸಿಕೊಳ್ಳಲು ವಿಷಯಗಳೂ ಗೆಳತಿಯರೂ ಕಡಿಮೆ. ಅದನ್ನೂ ತಂಗಿಗೆ ಬರೆದೆ. ಕೊನೆಗೆ ಸೇರಿಸಿದೆ: ‘ಒಂದು ದಿನ ಅವಳನ್ನು ಅವರ ಸಭೆಯಲ್ಲಿ ಕೂರಿಸು. ಹೊರಬಂದಾಗ ನೀವಿಬ್ಬರೂ ಏನನ್ನೂ ಕೇಳಬೇಡಿ. ಅವಳಾಗಿಯೇ ಹೇಳಲಿ.’

ಉತ್ತರ ಇನ್ನೂ ಬಂದಿಲ್ಲ.