ಹೊತ್ತಿ ಆರುವ ಎಂಜಿನ್ ದೀಪ

ಕೊಳೆರೋಗದ ಬಗ್ಗೆ ಬರೆಯಬೇಕಾದ ಜಾಗದಲ್ಲಿ ಕಾರಿನ ದೀಪದ ವಿಚಾರವೇಕೆಂದು ಸದಸ್ಯ ಬಾಂಧವರು ಕೇಳಬಹುದು. ಮಳೆಗಾಲದಲ್ಲಿ ಸಂಘದ ಜಗಲಿಯಲ್ಲಿ ಸೇರುವವರು ಕೊಳೆರೋಗದಷ್ಟೇ ಹೊತ್ತು ಇದನ್ನೂ ಚರ್ಚಿಸುವುದನ್ನು ಕೇಳಿದ್ದೇನೆ. ನಾನೂ ಕೈ ಸುಟ್ಟುಕೊಂಡವನೇ.

ನಮ್ಮದು ಹತ್ತು ವರ್ಷದ ಪೆಟ್ರೋಲ್ ಕಾರು. ಕಳೆದ ಆಷಾಢದಲ್ಲಿ ಜಡಿಮಳೆ ಹಿಡಿದಾಗಲೆಲ್ಲ ಏರುದಾರಿಯಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತುತ್ತಿತ್ತು. ಎರಡು ಮೂರು ದಿನ ಹೊಳವಾದರೆ ತಾನಾಗಿ ಆರುತ್ತಿತ್ತು. ಪೇಟೆಯ ಗ್ಯಾರೇಜಿಗೆ ಒಯ್ದ ದಿನ ದೀಪವೇ ಇಲ್ಲ. ಅಲ್ಲಿ ಅಂದಾಜಿನ ಮೇಲೆ ಆಕ್ಸಿಜನ್ ಸೆನ್ಸರ್ ಬದಲಿಸಿದರು, ಆರು ಸಾವಿರ ರೂಪಾಯಿ ಬಿಲ್ಲಾಯಿತು. ಮುಂದಿನ ಮಳೆಗೆ ದೀಪ ಪುನಃ ಹಾಜರು.

ದೀಪ ಆರಿದ ಮಾತ್ರಕ್ಕೆ ದೋಷ ಹೋಯಿತೆಂದಲ್ಲ. ಕಾರಿನ ಕಂಪ್ಯೂಟರು ಬಹುಪಾಲು ದೋಷಗಳನ್ನು ಎರಡು ಓಡಾಟಗಳಲ್ಲಿ ಕಂಡ ಮೇಲೆಯೇ ದೀಪ ಹೊತ್ತಿಸುತ್ತದೆ. ಸಾಮಾನ್ಯವಾಗಿ ಸತತ ಮೂರು ಓಡಾಟಗಳಲ್ಲಿ ಕಾಣದಿದ್ದರೆ ಆರಿಸುತ್ತದೆ. ಆದರೆ ದೋಷದ ಸಂಕೇತವನ್ನು, ಎಂಜಿನ್ ಸುಮಾರು 40 ಸಲ ಬಿಸಿಯಾಗಿ ತಣಿಯುವ ತನಕ ಉಳಿಸಿಕೊಂಡಿರುತ್ತದೆ. ಆ ಗಳಿಗೆಯ ವೇಗ, ಎಂಜಿನಿನ ಶಾಖ ಮುಂತಾದುವೂ ದಾಖಲಾಗಿರುತ್ತವೆ. ಇದನ್ನು ಓದಿಸದೆ ಬ್ಯಾಟರಿ ತಂತಿ ಬಿಚ್ಚಿ ದೀಪ ಆರಿಸುವವರಿದ್ದಾರೆ. ಲೆಕ್ಕ ಕೂಡಲಿಲ್ಲವೆಂದು ಲೆಡ್ಜರನ್ನೇ ಒಲೆಗೆ ಹಾಕಿದಂತೆ!

ಸ್ಟಿಯರಿಂಗಿನ ಕೆಳಗಡೆ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವ ಸಣ್ಣ ಸ್ಕ್ಯಾನರು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ನಾನೂ ಒಂದು ತರಿಸಿದೆ. ಬಂದ ಸಂಕೇತ ಪಿ 0302, ಅಂದರೆ ಎರಡನೆಯ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ. ಸಂಕೇತವು ದೋಷವಿರುವ ಜಾಗವನ್ನು ಹೇಳುತ್ತದೆಯೇ ಹೊರತು ಯಾವ ಭಾಗ ಕೊಳ್ಳಬೇಕೆಂದು ಹೇಳುವುದಿಲ್ಲ. ನಮ್ಮೂರಿನ ಮೆಕ್ಯಾನಿಕ್ ಹುಡುಗ ಸಂಕೇತವನ್ನು ಬರೆದಿಟ್ಟುಕೊಂಡು ಅಳಿಸಿ, ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಇಗ್ನಿಷನ್ ಕಾಯಿಲುಗಳನ್ನು ಅದಲುಬದಲು ಮಾಡಿದ. "ಸಂಕೇತ 0303 ಆದರೆ ಕಾಯಿಲ್ ಕೆಟ್ಟಿದೆ ಅಂತ ಲೆಕ್ಕ ಸಾರ್. ಎರಡರಲ್ಲೇ ನಿಂತರೆ ಬೇರೆ ನೋಡುವ," ಎಂದ. ಎರಡು ದಿನ ಮಳೆಯಲ್ಲಿ ಓಡಿಸಿದೆ. ಎರಡರಲ್ಲೇ ನಿಂತಿತು. ತಂತಿಯನ್ನು ಬೆರಳಲ್ಲಿ ಸವರುತ್ತ ಹೋದಾಗ ಸಿಕ್ಕಿತು: ಇಲಿ ಕಡಿದು ತಾಮ್ರ ಹೊರಬಿದ್ದಿತ್ತು. ಒಣಗಿದ್ದಾಗ ಸುಮ್ಮನಿದ್ದು, ನೀರು ತಾಗಿದೊಡನೆ ತಂಟೆ. ರಿಪೇರಿಗೆ ಇನ್ನೂರೈವತ್ತು ರೂಪಾಯಿ. ಕಾರು ನಿಲ್ಲಿಸುವಲ್ಲೇ ಗೋಣಿಚೀಲ ಪೇರಿಸಿ ಇಲಿಗೆ ಮನೆ ಕಟ್ಟಿಕೊಟ್ಟವನು ನಾನೇ.

ಒಂದು ಎಚ್ಚರಿಕೆ. ದೀಪ ಸ್ಥಿರವಾಗಿ ಉರಿಯುತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿಣುಕತೊಡಗಿದರೆ ಕೂಡಲೇ ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸತಕ್ಕದ್ದು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಹೊಗೆಕೊಳವೆಯ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ, ಅದು ಅತಿಯಾಗಿ ಕಾದು ಹಾಳಾಗುತ್ತದೆ. ಅದರ ಬೆಲೆಯ ಮುಂದೆ ನನ್ನ ಆರು ಸಾವಿರ ಏನೂ ಅಲ್ಲ. ಆಯಿಲಿನ ಕೆಂಪು ದೀಪದ ಮಾತೇ ಬೇರೆ. ಅದು ಹೊತ್ತಿದರೆ ತಕ್ಷಣ ನಿಲ್ಲಿಸಿ ಎಂಜಿನ್ ಆರಿಸಬೇಕು.

ಆ ಸ್ಕ್ಯಾನರನ್ನು ಈಗ ಸಂಘದ ಕಚೇರಿಯಲ್ಲಿಟ್ಟಿದ್ದೇನೆ. ಸದಸ್ಯರು ಕೆಲಸದ ವೇಳೆಯಲ್ಲಿ ಬಂದು ಓದಿಸಿಕೊಳ್ಳಬಹುದು. ಸಂಕೇತವನ್ನು ಕಾಗದದಲ್ಲಿ ಬರೆದುಕೊಳ್ಳುವ ಮೊದಲು ಅಳಿಸುವ ಗುಂಡಿಯನ್ನು ಮಾತ್ರ ಒತ್ತಬಾರದಾಗಿ ವಿನಂತಿ.